ಆತಂಕ ಮತ್ತು ರಕ್ತದ ಸಕ್ಕರೆ: ಒಂದು ಶತಮಾನದ ಶೋಧ (1849–1950)

ಸಕ್ಕರೆ ಕಾಯಿಲೆಯ ಚರಿತ್ರೆ ಎಂದೊಡನೆ ನೆನಪಾಗುವುದು 1921ರ ಇನ್ಸುಲಿನ್ ಶೋಧ. ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಜೊತೆಗೆ ಅದಕ್ಕಿಂತ ಹಳೆಯದಾದ ಒಂದು ಸಂಶೋಧನಾ ಪರಂಪರೆಯನ್ನು ಹಿಂದಕ್ಕೆ ಸರಿಸಿತು. ರಕ್ತದ ಸಕ್ಕರೆಯ ಮೇಲೆ ಮೇದೋಜೀರಕ ಗ್ರಂಥಿಗಷ್ಟೇ ಅಲ್ಲ, ಮಿದುಳು ಮತ್ತು ಅಡ್ರಿನಲ್ ಗ್ರಂಥಿಗಳಿಗೂ ಹಿಡಿತವಿದೆ ಎಂಬ ಅರಿವು ಬೆಳೆದ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

1849ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ ಮೊಲದ ಮಿದುಳಿನ ನಾಲ್ಕನೆಯ ಕುಹರದ ತಳಕ್ಕೆ ಸೂಜಿ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಯಕೃತ್ತು ತಾನೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ ಎಂದೂ ಆತ ತೋರಿಸಿದ. 1857ರಲ್ಲಿ ಆ ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನ್ನನ್ನು ಬೇರ್ಪಡಿಸಿದ. ಮಿದುಳಿನ ಪ್ರಚೋದನೆಗೂ ಯಕೃತ್ತಿನ ಸಕ್ಕರೆಗೂ ಇರುವ ಕೊಂಡಿ ಮಾತ್ರ ತಿಳಿದಿರಲಿಲ್ಲ. ಅದರ ಸುಳಿವು ಅಡ್ರಿನಲ್ ಗ್ರಂಥಿಯಿಂದ ಬಂತು. 1901ರಲ್ಲಿ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಆ ಗ್ರಂಥಿಯ ಸ್ರಾವವಾದ ಅಡ್ರಿನಲಿನ್ನಿನ ಹರಳುಗಳನ್ನು ಪಡೆದ ವಿಷಯ ಪ್ರಕಟವಾಯಿತು. ಅಡ್ರಿನಲ್ ಸಾರವನ್ನು ಚುಚ್ಚಿದರೆ ಮೂತ್ರದಲ್ಲಿ ಸಕ್ಕರೆ ಬರುತ್ತದೆಂದು ಅದೇ ವರ್ಷ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ವರದಿ ಮಾಡಿದ.

ಈ ಎಳೆಗಳನ್ನು ಭಾವನೆಗೆ ಜೋಡಿಸಿದವನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್. ಬೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಂಡುಬಂದುದನ್ನು ಅವನ ತಂಡ 1911ರಲ್ಲಿ ಪ್ರಕಟಿಸಿತು. ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಬೆಕ್ಕುಗಳಲ್ಲಿ ಅದು ಕಾಣಲಿಲ್ಲ. 1913ರ ಋತುವಿನ ಕೊನೆಯ ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ಹಾರ್ವರ್ಡ್ ತಂಡದ 25 ಮಂದಿಯನ್ನು ಪರೀಕ್ಷಿಸಿದಾಗ 12 ಮಂದಿಯ ಮೂತ್ರದಲ್ಲಿ ಸಕ್ಕರೆಯಿತ್ತು. ಅವರಲ್ಲಿ ಐವರು ಕಣಕ್ಕಿಳಿಯದ ಬದಲಿ ಆಟಗಾರರು. ಓಡದವರಲ್ಲೂ ಸಕ್ಕರೆ ಏರಿದ್ದಕ್ಕೆ ದೈಹಿಕ ಶ್ರಮ ಕಾರಣವಾಗಲಾರದು. ಪಂದ್ಯದ ಉದ್ವೇಗವೇ ಕಾರಣವೆಂದು ಕ್ಯಾನನ್ ವಾದಿಸಿದ.

ಅಡ್ರಿನಲಿನ್ನಿನದು ನಿಮಿಷಗಳ ಆಟ. ದಿನಗಟ್ಟಲೆ ಉಳಿಯುವ ಏರಿಕೆಯ ಸುಳಿವು ಬೇರೆ ಕಡೆ ಸಿಕ್ಕಿತು. ಮೇದೋಜೀರಕ ತೆಗೆದ ನಾಯಿಗಳಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನೂ ತೆಗೆದರೆ ಮಧುಮೇಹ ಸೌಮ್ಯವಾಗುತ್ತದೆಂದು ಅರ್ಜೆಂಟೀನಾದ ಬರ್ನಾರ್ಡೊ ಹುಸೇ 1930ರಲ್ಲಿ ಕಂಡುಕೊಂಡ. 1936ರಲ್ಲಿ ಸಂಶೋಧಕರಾದ ಲಾಂಗ್ ಮತ್ತು ಲ್ಯೂಕೆನ್ಸ್ ಮೇದೋಜೀರಕದ ಜೊತೆ ಅಡ್ರಿನಲ್ ಗ್ರಂಥಿಗಳನ್ನೂ ತೆಗೆದ ಬೆಕ್ಕುಗಳಲ್ಲಿ ಇದನ್ನೇ ಕಂಡರು. ಪಿಟ್ಯುಟರಿಯ ಆಣತಿಯಂತೆ ಅಡ್ರಿನಲ್ ಹೊರಪದರ ಸ್ರವಿಸುವ ಕಾರ್ಟಿಸಾಲ್, ಸ್ನಾಯುವಿನ ಪ್ರೋಟೀನ್ ಕರಗಿಸಿ ಬಂದ ಅಮೈನೋ ಆಮ್ಲಗಳಿಂದ ಯಕೃತ್ತಿನಲ್ಲಿ ಹೊಸ ಗ್ಲೂಕೋಸ್ ತಯಾರಾಗುವಂತೆ ಮಾಡುತ್ತದೆ. ಇನ್ಸುಲಿನ್ನಿನ ಪರಿಣಾಮವನ್ನೂ ಕುಗ್ಗಿಸುತ್ತದೆ. ಇದೇ ಬಗೆಯ ಸ್ಟೀರಾಯ್ಡ್ ಆದ ಕಾರ್ಟಿಸೋನ್ 1948ರಲ್ಲಿ ಚಿಕಿತ್ಸೆಗೆ ಬಂತು; 1950ರಲ್ಲಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ ನೊಬೆಲ್ ತಂದಿತು. ಸ್ಟೀರಾಯ್ಡ್ ಪಡೆದ ರೋಗಿಗಳಲ್ಲಿ ಸಕ್ಕರೆ ಏರುವುದು ಬಳಿಕ ವೈದ್ಯರ ನಿತ್ಯಾನುಭವವಾಯಿತು.

2021ರ ಕೋವಿಡ್ ಅಲೆಯಲ್ಲಿ ಕರ್ನಾಟಕದ ಆಸ್ಪತ್ರೆಗಳು ಇದರ ಕಠೋರ ರೂಪವನ್ನು ಕಂಡವು. ಸೋಂಕಿನ ಒತ್ತಡ, ಸ್ಟೀರಾಯ್ಡ್, ಹತೋಟಿ ತಪ್ಪಿದ ಮಧುಮೇಹ ಇವು ಕೂಡಿದ ಕಡೆ ಕಪ್ಪು ಶಿಲೀಂಧ್ರ ಸುಲಭವಾಗಿ ಬೇರೂರಿತು.

ಪಥ್ಯ ತಪ್ಪದಿದ್ದರೂ ಜ್ವರ, ಶಸ್ತ್ರಚಿಕಿತ್ಸೆ, ನಿದ್ದೆಗೇಡು ಅಥವಾ ಮನೆಯ ದುಃಖದ ದಿನಗಳಲ್ಲಿ ಸಕ್ಕರೆ ಏರಬಹುದು. ಅಂಥ ರೋಗಿಯನ್ನು ಗದರುವ ಮೊದಲು, ಈಚೆಗೆ ಅವರ ಬದುಕಿನಲ್ಲಿ ಏನಾಯಿತೆಂದು ಕೇಳುವುದೂ ಚಿಕಿತ್ಸೆಯ ಭಾಗವೇ ಆಗಬೇಕು.