ಬೆಲ್ಟಿನ ಮೇಲೆ ಬಂದ ಸುಶಿ

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಹೋಟೆಲಿನಲ್ಲಿ ಮೊದಲು ಹುಡುಕುವುದು ದರಪಟ್ಟಿಯನ್ನು. ಜಪಾನಿನ ಹಳೆಯ ಸುಶಿ ಅಂಗಡಿಗಳಲ್ಲಿ ಅದೇ ಇಲ್ಲದಿರುವುದುಂಟು. ವಿನೆಗರ್ ಬೆರೆಸಿದ ಅನ್ನದ ಮೇಲಿಡುವ ಮೀನಿಗೆ ಅಂದಂದಿನ ಧಾರಣೆ. ತಿಂದು ಎದ್ದ ಮೇಲೆಯೇ ಲೆಕ್ಕ. ಕೂಲಿಯವನು ಧೈರ್ಯವಾಗಿ ಒಳಗೆ ಕಾಲಿಡುವುದೆಂತು?

ಈ ಅಂಜಿಕೆಯನ್ನು ಬಿಡಿಸಿದವರು ಒಸಾಕಾದ ಬಳಿ ಚಿಕ್ಕ ಸುಶಿ ಅಂಗಡಿ ನಡೆಸುತ್ತಿದ್ದ ಯೋಶಿಯಾಕಿ ಶಿರಾಯಿಶಿ. ಗಿರಾಕಿಗಳು ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು. ಅಂಗಡಿಗೆ ಆಳುಗಳೇ ಸಿಗರು. ಒಮ್ಮೆ ಬಿಯರ್ ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಶೀಸೆಗಳು ಸಾಗುವುದನ್ನು ಕಂಡರು. ಶೀಸೆ ಹೋಗುವಲ್ಲಿ ತಟ್ಟೆ ಏಕೆ ಹೋಗಬಾರದು? ವರ್ಷಗಟ್ಟಲೆ ಪ್ರಯೋಗ ನಡೆಸಿ, 1958ರಲ್ಲಿ ಇಂದಿನ ಹಿಗಾಶಿ-ಒಸಾಕಾದಲ್ಲಿ ‘ಗೆನ್ರೊಕು ಸುಶಿ’ ತೆರೆದರು. ಬೆಲ್ಟಿನ ವೇಗ ಸೆಕೆಂಡಿಗೆ 8 ಸೆಂಟಿಮೀಟರ್. ಹೆಚ್ಚಿದರೆ ಮೀನು ಒಣಗೀತು, ತಗ್ಗಿದರೆ ಹಸಿದವನ ತಾಳ್ಮೆ ಕೆಟ್ಟೀತು!

1970ರ ಒಸಾಕಾ ವಿಶ್ವಪ್ರದರ್ಶನದ ನಂತರ ಈ ಪದ್ಧತಿ ದೇಶವೆಲ್ಲ ಹಬ್ಬಿತು. ತಟ್ಟೆಯ ಬಣ್ಣಕ್ಕೊಂದು ದರ. ಖಾಲಿ ತಟ್ಟೆಗಳನ್ನು ಎಣಿಸಿದರೆ ಬಿಲ್ಲು ಸಿದ್ಧ. ಮಕ್ಕಳು ಮರಿಗಳೊಂದಿಗೆ ಸಂಸಾರಸ್ಥರೂ ಬಂದರು. 2023ರಲ್ಲಿ ಕೆಲವು ಗಿರಾಕಿಗಳ ಕಿಡಿಗೇಡಿತನದ ಚಿತ್ರಗಳು ಹರಡಿದ ಮೇಲೆ ಹಲವು ಅಂಗಡಿಗಳು ತಟ್ಟೆ ತಿರುಗಿಸುವುದನ್ನು ಬಿಟ್ಟು, ಕೇಳಿದ್ದನ್ನಷ್ಟೇ ಕಳಿಸತೊಡಗಿದವು. ದರ ಮಾತ್ರ ಈಗಲೂ ಮೊದಲೇ ಗೊತ್ತು.