ದೆವ್ವದ ಉಗುರುಗುರುತು: ರೋಟರಿ ಎಂಜಿನ್ನಿನ ಸವೆತ ಮತ್ತು ಪುನರ್ನಿರ್ಮಾಣ

ಜಪಾನಿನ ಹಿರೋಷಿಮಾದ ತೋಯೋ ಕೋಗ್ಯೋ (ಇಂದಿನ ಮಜ್ದಾ) ಸಂಸ್ಥೆಯಲ್ಲಿ 1960ರ ದಶಕದಲ್ಲಿ, ರೋಟರಿ ಎಂಜಿನ್ನಿನ ಒಳಗೋಡೆಯ ಮೇಲೆ ಮೂಡುತ್ತಿದ್ದ ಅಲೆಯಂತಹ ಗೀರುಗಳನ್ನು ‘ದೆವ್ವದ ಉಗುರುಗುರುತು’ ಎಂದು ಕರೆದರು. ಇದು ಬರಿಯ ವಿನೋದವಲ್ಲ. ಕೈಗೆ ಸಿಗದ ಕೇಡಿಗೆ ಹೆಸರಿಟ್ಟು ಹಿಡಿಯುವ ಜನಪದ ರೀತಿಯೇ ಆಗಿದೆ. ತ್ರಿಕೋನಾಕಾರದ ರೋಟರಿನ ತುದಿಯ ಸೀಲುಗಳು ಕಂಪಿಸಿ ಗೋಡೆಯನ್ನು ಕೆರೆಯುತ್ತಿದ್ದವು. ಕೆನಿಚಿ ಯಮಾಮೊಟೊ ನೇತೃತ್ವದ 47 ಎಂಜಿನಿಯರರು (ಐತಿಹ್ಯದ 47 ರೋನಿನ್ ಯೋಧರ ಹೆಸರು ಇವರಿಗೂ ಅಂಟಿತು) ಇಂಗಾಲ-ಅಲ್ಯೂಮಿನಿಯಂ ಸೀಲನ್ನು ರೂಪಿಸಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದರು.

ದೆವ್ವ ಹೋಯಿತು, ಸವೆತ ಉಳಿಯಿತು. ಬಹುದೂರ ಓಡಿದ ಎಂಜಿನ್ನಿನಲ್ಲಿ ಸೀಲು ಸವೆದು ಒತ್ತಡ ಸೋರುತ್ತದೆ. ಬಿಸಿಯಿರುವಾಗ ಗಾಡಿ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಸೀಲು, ಸ್ಪ್ರಿಂಗು, ರಬ್ಬರ್ ಉಂಗುರಗಳನ್ನು ಬದಲಿಸಬಲ್ಲ. ಗೋಡೆಯ ಕ್ರೋಮಿಯಂ ಲೇಪ ಸುಲಿದಿದ್ದರೆ ಮಾತ್ರ ಸಾಮಾನ್ಯವಾಗಿ ಹೌಸಿಂಗನ್ನೇ ಬದಲಿಸಬೇಕಾಗುತ್ತದೆ. ಆ ಗೀರಿನ ಆಳವನ್ನು ಅರಿಯಲು ಕೆಲವರು ಇಂದಿಗೂ ತಮ್ಮ ಉಗುರನ್ನೇ ಅದರ ಮೇಲೆ ಎಳೆದು ನೋಡುತ್ತಾರೆ.