ಕಾಳಿಘಾಟಿನ ಬಾಡಿಗೆ ಮನೆ: ಹೊಸ್ತಿಲಿನ ಹಕ್ಕಿನ ಚರಿತ್ರೆ

ಕನ್ನಡಿಗರು ವಂಗದೇಶಕ್ಕೆ ಬಂದುದು ಇಂದು ನಿನ್ನೆಯ ಮಾತಲ್ಲ. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಬಂಗಾಳವನ್ನಾಳಿದ ಸೇನ ಅರಸರು ತಮ್ಮ ಮೂಲಪುರುಷರು ಕರ್ಣಾಟದವರೆಂದು ತಮ್ಮ ಶಾಸನದಲ್ಲಿಯೇ ಅಭಿಮಾನದಿಂದ ಹೇಳಿಕೊಂಡಿದ್ದಾರೆ. ಅವರು ಬಂದು ಭೂಮಿಗೆ ಒಡೆಯರಾದರು. ನಾವು ಬಂದು ಬಾಡಿಗೆದಾರರಾದೆವು. ಇದರಲ್ಲಿ ವಿಷಾದಪಡತಕ್ಕದ್ದೇನೂ ಇಲ್ಲ. ಬ್ಯಾಂಕಿನ ವರ್ಗಾವಣೆಯಿಂದಲೋ ರೈಲ್ವೆಯ ನೌಕರಿಯಿಂದಲೋ ಹೋಟೆಲಿನ ಉದ್ಯಮದಿಂದಲೋ ಈ ಊರಿಗೆ ಬಂದವರಿಗೆ ಬಾಡಿಗೆಯ ಮನೆಯೇ ತವರು, ಅದೇ ಗುರುಮನೆ. ಅರಸರ ಚರಿತ್ರೆಯನ್ನು ಎಲ್ಲರೂ ಓದುತ್ತಾರೆ. ಬಾಡಿಗೆದಾರನಿಗೂ ಒಂದು ಚರಿತ್ರೆಯುಂಟೆಂಬುದನ್ನು ಮಾತ್ರ, ಮನೆಯ ಯಜಮಾನನು “ಈ ಮನೆಯನ್ನು ಮಾರುತ್ತೇನೆ, ನಾಳೆ ನೋಡಲು ಬರುತ್ತಾರೆ, ಬಾಗಿಲು ತೆಗೆದಿಡಿ” ಎಂದು ಹೇಳುವ ದಿನದವರೆಗೂ ನಾವು ಮರೆತಿರುತ್ತೇವೆ. ಆ ದಿನ ನೆನಪಿಗೆ ಬೇಕಾಗುವ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಕಾಳಿಘಾಟು ಹಳೆಯ ಕ್ಷೇತ್ರ. ಆದಿಗಂಗೆಯ ದಂಡೆಯಲ್ಲಿರುವ ಈಗಿನ ದೇವಾಲಯ ಪೂರ್ಣವಾದುದು 1809ರಲ್ಲಿ. ಯಾತ್ರಿಕರನ್ನು ನಂಬಿದ ಊರಾದುದರಿಂದ, ಒಂದು ರಾತ್ರಿಗಾಗಲಿ ಒಂದು ತಿಂಗಳಿಗಾಗಲಿ ಕೋಣೆಯನ್ನು ಕೊಟ್ಟು ಹಣ ಪಡೆಯುವುದು ಇಲ್ಲಿ ಹೊಸದಲ್ಲ. ಆದರೆ ಗುಮಾಸ್ತೆಯ ಸಂಸಾರವು ವರ್ಷಗಟ್ಟಲೆ ನೆಲಸುವ ಬಾಡಿಗೆ ಮನೆಗಳು ಸಾಲುಗಟ್ಟಿದುದು ಇಪ್ಪತ್ತನೆಯ ಶತಮಾನದಲ್ಲಿ. 1902ರಲ್ಲಿ ವಿದ್ಯುತ್ ಟ್ರಾಮು ಕಾಳಿಘಾಟಿಗೆ ಬಂದಿತು. ಕಛೇರಿಯಿರುವುದು ಡಾಲ್‌ಹೌಸಿ ಚೌಕದಲ್ಲಾದರೂ ಮನೆಯನ್ನು ದಕ್ಷಿಣದಲ್ಲಿ ಮಾಡಬಹುದಾಯಿತು. 1912ರಿಂದ ಕೆಲಸಮಾಡತೊಡಗಿದ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟು ದಕ್ಷಿಣದಲ್ಲಿ ಅಗಲವಾದ ರಸ್ತೆಗಳನ್ನು ತೆರೆದು, ಸರೋವರವನ್ನು ತೋಡಿಸಿತು. ರಾಸಬಿಹಾರಿ ಅವೆನ್ಯೂ ಮತ್ತು ಲೇಕ್ ಮಾರ್ಕೆಟ್ಟಿನ ಸುತ್ತ ದಕ್ಷಿಣ ಭಾರತದವರು ಬಂದು ಸೇರಿದರು. ಬಾಳೆಯೆಲೆ, ಮಲ್ಲಿಗೆ, ಹೊಸದಾಗಿ ಪುಡಿಮಾಡಿದ ಕಾಫಿ ಇವು ಸಿಕ್ಕುವ ಕಡೆ ಮನೆ ಹುಡುಕುವುದು ನಮ್ಮವರ ಸ್ವಭಾವವಷ್ಟೆ! ಹೊಸಬರಿಗೆ ಬಂಗಾಳಿ ಮಾತು ಮೊದಲು ಗೊಂದಲ ಹುಟ್ಟಿಸುತ್ತದೆ. ಇಲ್ಲಿ ‘ಬಾಡಿ’ ಎಂದರೆ ಮನೆ, ‘ಭಾಡಾ’ ಎಂದರೆ ಬಾಡಿಗೆ. ‘ಬಾಡಿವಾಲಾ’ ಎಂದರೆ ನಾವು ಊಹಿಸುವಂತೆ ಬಾಡಿಗೆಯವನಲ್ಲ, ಮನೆಯ ಯಜಮಾನ.

ಈ ಯಜಮಾನನಿಗೂ ಬಾಡಿಗೆದಾರನಿಗೂ ಇರುವ ಸಂಬಂಧದ ತಳಹದಿ 1882ರ ಆಸ್ತಿ ವರ್ಗಾವಣೆ ಕಾಯಿದೆ. ಅದರ 108ನೆಯ ಕಲಮಿನಲ್ಲಿ ಎರಡು ಮಾತುಗಳು ಒಂದನ್ನೊಂದು ತೂಗುತ್ತವೆ. ಬಾಡಿಗೆಯನ್ನು ಸಲ್ಲಿಸಿ ಕರಾರನ್ನು ಪಾಲಿಸುವವನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸತಕ್ಕದ್ದು, ಇದು ಒಂದು. ಯಜಮಾನನಾಗಲಿ ಅವನ ಕಡೆಯವರಾಗಲಿ ಯುಕ್ತವಾದ ವೇಳೆಯಲ್ಲಿ ಒಳಗೆ ಬಂದು ಕಟ್ಟಡದ ಸ್ಥಿತಿಯನ್ನು ಪರೀಕ್ಷಿಸಿ, ಲೋಪವಿದ್ದರೆ ತಿಳಿವಳಿಕೆ ಕೊಡಲು ಬಾಡಿಗೆದಾರನು ಅವಕಾಶ ಕೊಡತಕ್ಕದ್ದು, ಇದು ಇನ್ನೊಂದು. ಯಜಮಾನನು ಒಳಗೆ ಬರುವುದು ಕಟ್ಟಡದ ಸ್ಥಿತಿಯನ್ನು ನೋಡಲು, ಅದೂ ಯುಕ್ತವಾದ ವೇಳೆಯಲ್ಲಿ. ಕೊಳ್ಳುವವರನ್ನು ಕರೆತಂದು ಮನೆಯನ್ನು ತೋರಿಸುವ ಮಾತು ಆ ಕಲಮಿನಲ್ಲಿಲ್ಲ. ಆದರೆ ಕರಾರಿನಲ್ಲಿಯಾಗಲಿ ಸ್ಥಳದ ರೂಢಿಯಲ್ಲಿಯಾಗಲಿ ಬೇರೆ ಮಾತಿದ್ದರೆ ಅದೇ ನಡೆಯುವುದೆಂದು ಕಾಯಿದೆಯೇ ಹೇಳುತ್ತದೆ. ಆದ್ದರಿಂದ ರುಜು ಹಾಕುವ ಮೊದಲು ಕರಾರುಪತ್ರವನ್ನು ಕೊನೆಯ ಸಾಲಿನವರೆಗೂ ಓದತಕ್ಕದ್ದು.

ಮುಂದಿನ 109ನೆಯ ಕಲಮು ಮಾರಾಟದ ವಿಷಯ. ಮನೆಯನ್ನು ಕೊಂಡವನು ಹಳೆಯ ಯಜಮಾನನ ಹಕ್ಕುಗಳೊಡನೆ ಬಾಡಿಗೆದಾರನನ್ನೂ ಸ್ವೀಕರಿಸುತ್ತಾನೆ. ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆಯ ಒಪ್ಪಂದ ಮುರಿದುಬೀಳುವುದಿಲ್ಲ. ಮಾರಾಟವಾದ ಸಂಗತಿ ತಿಳಿಯದೆ ಬಾಡಿಗೆದಾರನು ಹಳೆಯ ಯಜಮಾನನಿಗೇ ಹಣ ಕೊಟ್ಟಿದ್ದರೆ ಹೊಸಬನಿಗೆ ಮತ್ತೆ ಕೊಡಬೇಕಾದುದಿಲ್ಲ. ಹಗಲೆಲ್ಲ ಜಮಾಖರ್ಚಿನ ನಡುವೆ ಇರುವ ನಮ್ಮಂಥವರಿಗೆ ಈ ನ್ಯಾಯ ಬಹಳ ಹಿಡಿಸುತ್ತದೆ: ಖಾತೆಯ ಹೆಸರು ಬದಲಾದೀತು, ಶಿಲ್ಕು ಅಳಿಯದು.

ಆದರೆ 1882ರ ಕಾಯಿದೆ ಬಾಡಿಗೆಯ ಏರಿಕೆಯನ್ನು ತಡೆಯುತ್ತಿರಲಿಲ್ಲ. ತಿಂಗಳ ಬಾಡಿಗೆಯವನನ್ನು ಹದಿನೈದು ದಿನಗಳ ನೋಟೀಸಿನಿಂದ ಹೊರಡಿಸುವ ದಾರಿಯೂ ಅದರಲ್ಲಿತ್ತು. ಮೊದಲನೆಯ ಮಹಾಯುದ್ಧವು ಈ ನ್ಯೂನತೆಯನ್ನು ಬಯಲುಮಾಡಿತು. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹೆಂಗಸರು ಮುಂದಾಳಾಗಿ ನಿಂತು, ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ಹಟ ಹಿಡಿದರು. ಒಕ್ಕಲೆಬ್ಬಿಸಲು ಬಂದ ಅಮೀನರನ್ನು ಬೀದಿಯಲ್ಲಿಯೇ ತಡೆದರು. ಆ ವರ್ಷವೇ ಬ್ರಿಟಿಷ್ ಸರ್ಕಾರ ಬಾಡಿಗೆಯನ್ನು ಕಟ್ಟುಹಾಕುವ ಶಾಸನ ಮಾಡಬೇಕಾಯಿತು. ಅದರ ಅಲೆ ಹಿಂದೂಸ್ಥಾನಕ್ಕೂ ಬಂದು, 1918ರಲ್ಲಿ ಮುಂಬಯಿಯಲ್ಲಿ, 1920ರಲ್ಲಿ ಕಲ್ಕತ್ತೆಯಲ್ಲಿ ಬಾಡಿಗೆ ಕಾಯಿದೆಗಳಾದವು. ಕಲ್ಕತ್ತೆಯವರು ‘ರೆಂಟ್ ಕಂಟ್ರೋಲರ್’ ಎಂಬ ಅಧಿಕಾರಿಯನ್ನು ಕಂಡುದು ಆಗ. ಶಾಸನ ತಾತ್ಕಾಲಿಕವಾಗಿತ್ತು, ಕೆಲವು ವರ್ಷಗಳಲ್ಲಿ ಅದರ ಆಯುಸ್ಸು ತೀರಿತು.

ಎರಡನೆಯ ಮಹಾಯುದ್ಧದಲ್ಲಿ ಊರಿನ ಸ್ಥಿತಿ ವಿಚಿತ್ರವಾಯಿತು. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದಾಗ ಬಾಂಬಿನ ಭೀತಿಯಿಂದ ಜನ ಕಲ್ಕತ್ತೆಯನ್ನು ಬಿಟ್ಟು ಓಡಿದರು, ಮನೆಗಳು ಖಾಲಿಬಿದ್ದವು. ಸ್ವಲ್ಪ ಕಾಲದಲ್ಲಿಯೇ ಸೈನ್ಯವೂ ಯುದ್ಧದ ಉದ್ಯೋಗಗಳೂ ಬಂದು ಊರು ಕಿಕ್ಕಿರಿಯಿತು. 1943ರಲ್ಲಿ, ಕ್ಷಾಮದ ಆ ಘೋರ ವರ್ಷದಲ್ಲಿ, ಭಾರತ ರಕ್ಷಣಾ ನಿಯಮಗಳ ಮೇರೆಗೆ ಮನೆ ಬಾಡಿಗೆ ನಿಯಂತ್ರಣದ ಆಜ್ಞೆ ಹೊರಟಿತು. 1946ರಲ್ಲಿ ಅಧ್ಯಾದೇಶ. 1947ರಲ್ಲಿ ದೇಶವಿಭಜನೆಯಾಗಿ ಪೂರ್ವಬಂಗಾಳದಿಂದ ನಿರಾಶ್ರಿತರು ಪ್ರವಾಹದಂತೆ ಬಂದರು. ಒಂದು ಕೋಣೆಗೆ ಹತ್ತು ಸಂಸಾರ ಕಾದುನಿಂತಿತು. 1948ರಲ್ಲಿ ಒಂದು, 1950ರಲ್ಲಿ ಇನ್ನೊಂದು ತಾತ್ಕಾಲಿಕ ಕಾಯಿದೆ. ಕೊನೆಗೆ 1956ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಪ್ರೆಮಿಸಸ್ ಟೆನೆನ್ಸಿ ಕಾಯಿದೆ ಜಾರಿಗೆ ಬಂದಿತು. ಏಳು ತಿಂಗಳ ತರುವಾಯ, ಅದೇ ವರ್ಷದ ನವೆಂಬರ್ 1ರಂದು, ನಮ್ಮ ನಾಡು ಒಂದಾಯಿತು. ಅಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರಿಗೆ ಒಂದು ಮನೆ ದೊರೆತ ವರ್ಷದಲ್ಲಿಯೇ, ಇಲ್ಲಿ ಪರರ ಮನೆಯಲ್ಲಿದ್ದವರಿಗೆ ನಿಲ್ಲಲು ಒಂದಿಷ್ಟು ನೆಲೆ ದೊರೆಯಿತು.

1956ರ ಕಾಯಿದೆಯ ಸಾರವಿದು: ಕಾಯಿದೆ ಹೇಳಿದ ಕಾರಣಗಳಲ್ಲೊಂದು ನ್ಯಾಯಾಲಯದಲ್ಲಿ ರುಜುವಾತಾದ ಹೊರತು ಬಾಡಿಗೆದಾರನನ್ನು ಒಕ್ಕಲೆಬ್ಬಿಸಲಾಗದು. ಬಾಡಿಗೆ ಬಾಕಿ, ಯಜಮಾನನ ಸ್ವಂತ ವಾಸದ ಅಗತ್ಯ, ಹಳೆಯದನ್ನು ಕೆಡವಿ ಕಟ್ಟುವುದು ಇವೆಲ್ಲ ಆ ಪಟ್ಟಿಯಲ್ಲಿದ್ದವು. ‘ಮನೆ ಮಾರಬೇಕಾಗಿದೆ’ ಎಂಬುದು ಇರಲಿಲ್ಲ. ಯಜಮಾನನು ಬಾಡಿಗೆಯನ್ನು ತೆಗೆದುಕೊಳ್ಳದಿದ್ದರೆ, ಅಥವಾ ಬಾಡಿಗೆ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಪ್ರಾಮಾಣಿಕವಾದ ಸಂದೇಹವಿದ್ದರೆ, ಕಂಟ್ರೋಲರರ ಕಛೇರಿಯಲ್ಲಿ ಹಣವನ್ನು ಕಟ್ಟಬಹುದೆಂದೂ ವಿಧಿಸಲಾಯಿತು. ಅಣ್ಣತಮ್ಮಂದಿರು ಪಾಲಿಗಾಗಿ ಕಾದಾಡುತ್ತಿರುವ ಮನೆಯಲ್ಲಿಯೂ, ಕ್ರಯಪತ್ರವನ್ನು ತೋರಿಸದೆ ‘ನಾನೇ ಹೊಸ ಯಜಮಾನ’ ಎಂದು ಬಂದವನ ಎದುರಿನಲ್ಲಿಯೂ ಈ ವಿಧಿ ಎಷ್ಟು ಸಂಸಾರಗಳನ್ನು ಕಾಪಾಡಿತೆಂಬುದನ್ನು ಹಿರಿಯರು ಬಲ್ಲರು.

ಕಾಯಿದೆಯಿದ್ದಲ್ಲಿ ಕಳ್ಳದಾರಿಯೂ ಉಂಟಲ್ಲವೆ? ಬಾಡಿಗೆಯ ಹೊರತು ‘ಸೆಲಾಮಿ’ ಎಂಬ ಮುಂಗಡ ಕಾಣಿಕೆಯನ್ನು ಕಾಯಿದೆ ನಿಷೇಧಿಸಿತ್ತು. ಆದರೂ ಅದು ರಸೀದಿಯಿಲ್ಲದೆ ನಡೆಯಿತು. ಅದಕ್ಕಿಂತ ದೊಡ್ಡ ದಾರಿ ಮಾರಾಟದ್ದೇ. ಬಾಡಿಗೆದಾರರು ತುಂಬಿದ ಮನೆಗೆ ಬೆಲೆ ಕಡಿಮೆ. ಅಂಥ ಮನೆಯನ್ನು ಅಗ್ಗವಾಗಿ ಕೊಂಡು, ಕೊಂಡ ಮಾರನೆಯ ದಿನವೇ ‘ನಮ್ಮ ಸ್ವಂತ ವಾಸಕ್ಕೆ ಬೇಕು’ ಎಂದು ದಾವೆ ಹೂಡಿ, ಖಾಲಿ ಮಾಡಿಸಿ ಲಾಭ ಪಡೆಯುವ ವ್ಯಾಪಾರ ಬೆಳೆಯಿತು. ಇದನ್ನು ತಡೆಯಲು 1969ರಲ್ಲಿ ಶಾಸನಸಭೆ ಒಂದು ತಿದ್ದುಪಡಿ ತಂದಿತು. ಕೊಂಡ ದಿನದಿಂದ ಮೂರು ವರ್ಷ ಕಳೆಯುವವರೆಗೆ ಹೊಸ ಯಜಮಾನನು ಸ್ವಂತ ವಾಸದ ಅಥವಾ ಮರುಕಟ್ಟಡದ ನೆಪದಿಂದ ದಾವೆ ಹೂಡುವಂತಿಲ್ಲವೆಂದು ಅದರ ಮುಖ್ಯ ವಿಧಿ. ಆಗಲೇ ನಡೆಯುತ್ತಿದ್ದ ದಾವೆಗಳಿಗೂ ಅದನ್ನು ಅನ್ವಯಿಸಿದ್ದರಿಂದ ವಿವಾದವೆದ್ದಿತು. ಕಲ್ಕತ್ತಾ ಹೈಕೋರ್ಟು ಆ ಭಾಗವನ್ನು ಒಪ್ಪಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮನೆಯೆಂಬುದು ಬರಿಯ ವ್ಯಾಪಾರದ ಸರಕಲ್ಲ, ಅದರೊಳಗೆ ಬದುಕುವ ಜನವೂ ಗಣನೆಗೆ ಬರತಕ್ಕದ್ದೆಂಬ ನ್ಯಾಯ ಹೀಗೆ ಸ್ಥಿರವಾಯಿತು.

ಇಷ್ಟು ಹೇಳಿದಮೇಲೆ ಯಜಮಾನನ ಪಕ್ಷವನ್ನೂ ಹೇಳದಿದ್ದರೆ ಲೆಕ್ಕ ಸರಿಹೋಗದು. ದಶಕಗಳ ಹಿಂದೆ ಗೊತ್ತಾದ ಬಾಡಿಗೆ ಅಷ್ಟಕ್ಕೇ ನಿಂತಿತು. ಸುಣ್ಣ, ಇಟ್ಟಿಗೆ, ಕೂಲಿ ನಿಲ್ಲಲಿಲ್ಲ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಮೇಲಂತಸ್ತಿನಲ್ಲಿ, ಕೆಳಗೆ ಮೂರು ತಲೆಮಾರಿನ ಬಾಡಿಗೆದಾರರು, ತಿಂಗಳ ಬಾಡಿಗೆ ಒಂದು ಹೊತ್ತಿನ ಮೀನಿಗೂ ಸಾಲದು ಎಂಬಂಥ ಮನೆಗಳು ಕಾಳಿಘಾಟು ಭವಾನಿಪುರಗಳಲ್ಲಿ ಇಂದಿಗೂ ಇವೆ. ದುರಸ್ತಿಯಿಲ್ಲದ ಗೋಡೆಗೆ ಅಶ್ವತ್ಥದ ಬೇರಿಳಿದು, ಕೊನೆಗೆ ಕಾರ್ಪೊರೇಷನ್ನಿನವರು ‘ಬಿಪಜ್ಜನಕ ಬಾಡಿ’, ಅಂದರೆ ಅಪಾಯದ ಮನೆ, ಎಂಬ ಫಲಕ ತಗಲಿಸಿ ಹೋಗುತ್ತಾರೆ. ಮಳೆಗಾಲದಲ್ಲಿ ಅಂಥ ಮನೆ ಕುಸಿದರೆ ಅಡಿಯಲ್ಲಿ ಸಿಕ್ಕುವವರು ಇಬ್ಬರೂ. ಹೀಗಿರುವಾಗ ‘ಪ್ರೊಮೋಟರ್’ ಎಂದು ಇಲ್ಲಿ ಕರೆಯಲ್ಪಡುವ ಕಟ್ಟಡದ ವ್ಯಾಪಾರಿ ಬಂದು ಕೈಚಾಚಿದರೆ ಮಾರಲೆಳಸುವುದು ಅಪರಾಧವಲ್ಲ.

ಈ ಎರಡು ಕಷ್ಟಗಳನ್ನು ತೂಗಿನೋಡಿ ಹೊಸ ಕಾಯಿದೆಯೊಂದು 1997ರಲ್ಲಿ ಅಂಗೀಕೃತವಾಗಿ, 2001ರ ಜುಲೈ 10ರಂದು ಜಾರಿಗೆ ಬಂದಿತು. ಅದರಲ್ಲಿ ನಮ್ಮವರು ಅವಶ್ಯ ತಿಳಿದಿರತಕ್ಕ ಅಂಶಗಳು ಎರಡು. ಒಂದು, ಕೋಲ್ಕತ್ತಾ ಮತ್ತು ಹೌರಾ ಕಾರ್ಪೊರೇಷನ್ನುಗಳ ಎಲ್ಲೆಯಲ್ಲಿ ವಾಸದ ಮನೆಯ ಬಾಡಿಗೆ ತಿಂಗಳಿಗೆ 6,500 ರೂಪಾಯಿಗಳನ್ನು ಮೀರಿದರೆ ಆ ಕಾಯಿದೆಯ ರಕ್ಷಣೆಯಿಲ್ಲ. ಇತ್ತೀಚೆಗೆ ಬಂದ ಬಹುಮಂದಿ ಕನ್ನಡಿಗರ ಬಾಡಿಗೆ ಈ ಮಿತಿಗಿಂತ ಹೆಚ್ಚು. ಅವರಿಗೆ 1882ರ ಹಳೆಯ ಕಾಯಿದೆಯೂ ಕೈಯಲ್ಲಿರುವ ಕರಾರುಪತ್ರವೂ ಎರಡೇ ಗತಿ. ಎರಡು, ಬಾಡಿಗೆದಾರನು ತೀರಿಕೊಂಡರೆ ಅವನೊಡನಿದ್ದ ಅವಲಂಬಿಗಳಿಗೆ ಹಕ್ಕು ಮುಂದುವರಿಯುವುದು ಐದು ವರ್ಷ ಮಾತ್ರ. ಅವಲಂಬಿಯಾಗಿ ಜೊತೆಗೇ ಬಾಳಿದ, ಬೇರೆ ಮನೆಯಿಲ್ಲದ ಪತಿಗೆ ಅಥವಾ ಪತ್ನಿಗೆ ಮಾತ್ರ ಈ ಗಡುವು ತಗಲುವುದಿಲ್ಲ. ‘ನಮ್ಮ ತಂದೆಯ ಕಾಲದ ಮನೆ’ ಎಂದು ನಿಶ್ಚಿಂತರಾಗಿರುವ ಮಕ್ಕಳು ಈ ಮಾತನ್ನು ಚೆನ್ನಾಗಿ ಮನನಮಾಡಬೇಕು.

ಇನ್ನು ಬಾಗಿಲಿನ ವಿಷಯ. ಭಾನುವಾರ ಬೆಳಿಗ್ಗೆ ಸ್ನಾನವಾಗುವ ಮೊದಲೇ ದಲ್ಲಾಳಿಯೊಬ್ಬ ನಾಲ್ಕು ಜನರನ್ನು ಕರೆದುಕೊಂಡು ಬಂದು ದೇವರ ಮನೆಯವರೆಗೂ ನುಗ್ಗಿ, ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಇಂದು ಅಪರೂಪವಲ್ಲ. ಮನೆಯಲ್ಲಿ ಒಬ್ಬರೇ ಇರುವ ಹೆಂಗಸರು ಬೇಡವೆನ್ನಲಾರದೆ, ಹೂಂ ಎನ್ನಲಾರದೆ ನಿಲ್ಲುತ್ತಾರೆ. ಯಜಮಾನನೊಡನೆ ನಿಷ್ಠುರವಾದರೆ ಮಕ್ಕಳ ಶಾಲೆ, ರೇಷನ್ ಕಾರ್ಡು, ಬ್ಯಾಂಕಿನ ಖಾತೆ ಎಲ್ಲಕ್ಕೂ ಆಧಾರವಾದ ವಿಳಾಸವೇ ಹೋದೀತೆಂಬ ಅಂಜಿಕೆ! 2021ರ ಜೂನ್ 2ರಂದು ಕೇಂದ್ರ ಮಂತ್ರಿಮಂಡಲ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಈ ವಿಷಯದಲ್ಲಿ ಒಂದು ಅಚ್ಚುಕಟ್ಟನ್ನು ಹೇಳುತ್ತದೆ: ಇಪ್ಪತ್ತನಾಲ್ಕು ಗಂಟೆಗಳ ಮುಂಚೆ ಲಿಖಿತ ತಿಳಿವಳಿಕೆ, ಅದರಲ್ಲಿ ಕಾರಣ, ದಿನ, ವೇಳೆ. ಅದು ಮಾದರಿ ಮಾತ್ರ. ರಾಜ್ಯಗಳು ತಾವಾಗಿ ಅಂಗೀಕರಿಸಿದಲ್ಲದೆ ಶಾಸನವಾಗದು. ಆದರೂ ಇಬ್ಬರು ಮರ್ಯಾದಸ್ಥರು ತಮ್ಮ ಕರಾರಿನಲ್ಲಿ ಅದನ್ನು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದ್ದರಿಂದ ನಮ್ಮ ಸಲಹೆಯಿಷ್ಟು. ಬಾಗಿಲನ್ನು ಮುಚ್ಚಿ ಜಗಳವಾಡುವುದೂ ಬೇಡ, ಹಾರುಹೊಡೆದು ತೆರೆದಿಡುವುದೂ ಬೇಡ. ‘ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಜನ ಬರಬಹುದು, ಚಿತ್ರ ತೆಗೆಯುವುದು ಬೇಡ’ ಎಂದು ವಿನಯವಾಗಿ ಕಾಗದ ಬರೆದು ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಮಾರಾಟವಾದರೆ ಬಾಡಿಗೆ ಇನ್ನು ಯಾರಿಗೆಂದು ಹಳೆಯ ಯಜಮಾನನಿಂದಲೇ ಬರಹದಲ್ಲಿ ಪಡೆಯಿರಿ. ಮುಂಗಡವನ್ನು ಹಿಂದಿರುಗಿಸುವ ಹೊಣೆ ಯಾರದೆಂಬುದೂ ಅದರಲ್ಲಿರಲಿ. ನ್ಯಾಯಾಲಯದ ದಾರಿ ಬಿಟ್ಟು ಬೀಗ ಹಾಕಿ ಹೊರದೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನ ಮೇರೆಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಎಲ್ಲಕ್ಕೂ ಮೊದಲು ಪ್ರತಿ ತಿಂಗಳ ರಸೀದಿ! ಮೇಲೆ ಹೇಳಿದ ಎಲ್ಲ ಕಾಯಿದೆಗಳೂ ಅಂತ್ಯದಲ್ಲಿ ಬಂದು ನಿಲ್ಲುವುದು ಆ ತುಂಡು ಕಾಗದದ ಮೇಲೆ.

ಆ ರಸೀದಿ ಬಹುಶಃ ಬಂಗಾಳಿಯಲ್ಲಿರುತ್ತದೆ. ಹೊಸದಾಗಿ ಬಂದವರು ಓದಲಾರರು. ಹತ್ತಾರು ವರ್ಷಗಳಿಂದ ಇಲ್ಲಿ ನೆಲಸಿ ಬಂಗಾಳಿಯನ್ನು ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ತಿಂಗಳಿಗೊಂದು ಸಂಜೆ ಸಂಘದ ಕೊಠಡಿಯಲ್ಲಿ ಕುಳಿತು ಹೊಸಬರ ಕರಾರನ್ನೂ ರಸೀದಿಯನ್ನೂ ಓದಿಹೇಳುವ ಭಾರವನ್ನು ಅಂಥ ಇಬ್ಬರು ಮೂವರು ವಹಿಸಿಕೊಂಡರೆ, ಈ ರಾಜ್ಯೋತ್ಸವದಲ್ಲಿ ನಾವು ಒಬ್ಬರಿಗೊಬ್ಬರು ಮಾಡಬಹುದಾದ ಉಪಕಾರ ಅದಕ್ಕಿಂತ ಹೆಚ್ಚಿನದು ಇರಲಾರದು.